ಹೆಚ್ಚುಕಮ್ಮಿ

ವಿದರ್ನ್‌ಸೀ ಊರಿನ ದಕ್ಷಿಣಕ್ಕೆ, ರಸ್ತೆ ಮುಗಿಯುವಲ್ಲಿ
(ಮುಗಿಯುವುದೇನು, ಮುರಿದು ಬೀಳುವಲ್ಲಿ)
ಡಾಕ್ಟರ್ ರೋಡಾ ಬ್ಲೆಂಕಿನ್ ನೆಟ್ಟ ಗೂಟಗಳಿವೆ.
ಇಪ್ಪತ್ತೆರಡು ವರ್ಷ, ತಿಂಗಳಿಗೊಮ್ಮೆ,
ಗೂಟದಿಂದ ಮಣ್ಣಂಚಿನ ತನಕ ಟೇಪು ಎಳೆದು
ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾಳೆ.
ಶಾಯಿ ಮಳೆಗೆ ಕದಡುತ್ತದೆ. ಸೀಸ ನಿಲ್ಲುತ್ತದೆ.

ನಾನು ಸಿಕ್ಕಿದ್ದು ಟೇಪಿನ ಇನ್ನೊಂದು ತುದಿಗೆ.
ನರ್ಸಿಂಗ್ ಹೋಮಿನ ರಾತ್ರಿಪಾಳಿ ಮುಗಿಸಿ ಬರುತ್ತಿದ್ದೆ,
"ಒಂಚೂರು ಹಿಡೀತೀಯಾ?" ಅಂದಳು. ಹಿಡಿದೆ.
ಉಚ್ಚಿಲದವಳು ನಾನು; ಕಡಲ್ಕೊರೆತ ಏನೆಂದು
ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಆ ಪದ ಅವಳಿಗೆ ಕೊಟ್ಟೆ.
ಕಡಲ್‌ಕೊರೆಟಾ, ಕಡಲ್‌ಕೊರೆಟಾ,
ಎರಡು ಸಲ ಜಗಿದು, ಪುಟದ ಅಂಚಿಗೆ ಬರೆದುಕೊಂಡಳು.

ಪಾರ್ಲಿಮೆಂಟಿಗೆ ನಿಂತಳು. ಯಾಕೆ ಅಂದರೆ,
"ಒಂಬತ್ತು ವರದಿ ಅಂಚೆಗೆ ಹಾಕಿದೆ ಸುಗಂಧಿ,
ಹತ್ತನೆಯದನ್ನು ನಾನೇ ಹೊತ್ತುಕೊಂಡು ಹೋಗೋಣ ಅಂತ."

ದೊಡ್ಡ ಪಕ್ಷದವನು ಗೋಡೆ ಕಟ್ಟಿಸುವವನು.
ಇನ್ನೊಂದು ದೊಡ್ಡ ಪಕ್ಷದವಳದು
ಅದಕ್ಕಿಂತ ಒಂದು ಗಜ ಎತ್ತರದ ಗೋಡೆ.
ಮೂರನೆಯವಳು ಇವಳು, ಕೆಸರು ಬೂಟಿನಲ್ಲೇ
ಮನೆಮನೆ ಹತ್ತಿ ಇಳಿದು ಹೇಳಿದಳು:
"ಇಲ್ಲಿ ಕಟ್ಟಿದರೆ ಪಕ್ಕದೂರನ್ನು ಕೊರೆಯುತ್ತೆ.
ಹಿಂದೆ ಸರಿಯೋಣ, ಸರಿಯುವ ಖರ್ಚು ಕೇಳೋಣ.
ನಿಮ್ಮ ಮನೆಗೆ ಹನ್ನೊಂದು ವರ್ಷ,
ಮೂರು ಹೆಚ್ಚುಕಮ್ಮಿ."

ಕರಪತ್ರ ಹಿಡಿದು ಹಿಂದೆ ನಿಂತವಳು ತಿವಿದೆ:
ಆ ಬಾಲವನ್ನಾದರೂ ಬಿಡಬಾರದೇ ಮಾರಾಯ್ತಿ?
"ಹೆಚ್ಚುಕಮ್ಮಿ ಬಿಟ್ಟರೆ ಹನ್ನೊಂದೂ ಸುಳ್ಳಾಗುತ್ತೆ."
ನಮ್ಮಲ್ಲಿ ಏನೋ ಹೆಚ್ಚುಕಮ್ಮಿ ಆಯಿತಂತೆ ಅಂದರೆ
ಯಾರೋ ಹೋದರು ಎಂದು ಅರ್ಥ.
ಅದನ್ನು ಅವಳಿಗೆ ಹೇಳಲಿಲ್ಲ.

ವಿಲ್ಫ್ ಸ್ಟಾತರ್ಸ್ ನಾಯಿಯನ್ನು ಒಳಗೆಳೆದು
ಮುಖದ ಮೇಲೇ ಬಾಗಿಲು ಹಾಕಿದ.
ಆಮೇಲೆ ಕಾಗದ ಹಾಕುವ ಸೀಳಿನಿಂದ ಒಂದು ದನಿ:
"ಕಮ್ಮಿ ಅಂದರೆ... ಎಂಟಾ?"
ಮೊಣಕಾಲೂರಿ, ಸೀಳಿಗೆ ಬಾಯಿಟ್ಟು
"ಎಂಟು" ಅಂದಳು.
ಒಳಗೆ ನಾಯಿ ಮಾತ್ರ ಬೊಗಳಿತು.

ಎಣಿಕೆ ಬೆವರ್ಲಿಯಲ್ಲಿ, ಆಟದ ಹಾಲಿನಲ್ಲಿ,
ಬ್ಯಾಡ್ಮಿಂಟನ್ ಗೆರೆಗಳ ಮೇಲೆ ಮೇಜು.
ಅವರಿಬ್ಬರ ಕಟ್ಟುಗಳು ಬೆಳೆದವು ಬೆಳೆದವು;
ಇವಳ ರಾಶಿಯನ್ನು ದಾಟಿ ಎದುರಿನವರ ಚಹಾ ಲೋಟ ಕಾಣುತ್ತಿತ್ತು.
ಬೆಳಗಿನ ಮೂರೂವರೆಗೆ ಮೈಕು ಹೇಳಿತು:
ಬ್ಲೆಂಕಿನ್, ಸಾವಿರದ ಒಂಬೈನೂರ ಏಳು.
ನೂರಕ್ಕೆ ಐದಾಗಲು ಹದಿನಾಲ್ಕು ಕಡಿಮೆ.
ಠೇವಣಿ ಹೋಯಿತು, ಐನೂರು ಪೌಂಡು.
ಠೇವಣಿ ಹೋಯಿತೆಂದರೆ ನಮ್ಮ ಕಡೆ
ಬಸ್‌ಸ್ಟ್ಯಾಂಡಿಗೆ ಬರಲು ತಿಂಗಳು ಬೇಕು.
ಇವಳು ಅದೇ ಪುಸ್ತಕ ತೆಗೆದು, ಅದೇ ಪೆನ್ಸಿಲಿನಲ್ಲಿ
ಅಂಕಿ ಬರೆದು, ಪಕ್ಕಕ್ಕೆ ಆ ಗುರುತು ಹಾಕಹೋಗಿ
ಕೈ ತಡೆದಳು.
"ಇದು ಎಣಿಸಿದ್ದು. ಅಳೆದದ್ದಲ್ಲ."

ಮರಳುವಾಗ ಕಾರಿನಲ್ಲಿ ಬೆಳಕು ಹರಿಯುತ್ತಿತ್ತು.
ಇಲ್ಲಿಂದ ಕಡಲು ಒಯ್ದ ಮಣ್ಣೆಲ್ಲ ಸುಮ್ಮನೆ ಹೋಗುವುದಿಲ್ಲ,
ದಕ್ಷಿಣದಲ್ಲಿ ಸ್ಪರ್ನ್ ಎಂಬ ಮರಳಿನ ನಾಲಗೆಯಿದೆ,
ಅಲ್ಲಿಷ್ಟು ಜಮೆಯಾಗುತ್ತದೆ, ಎಂದಳು.
"ನನ್ನ ಐನೂರೂ ಅಲ್ಲೇ ಇರಬೇಕು."
ನಕ್ಕಳೋ ಕೆಮ್ಮಿದಳೋ.

ಒಂಬತ್ತನೆಯ ಗೂಟದ ಬಳಿ ಸ್ಟಾತರ್ಸ್ ನಿಂತಿದ್ದ,
ನಾಯಿ ಸಮೇತ, ಪೈಜಾಮದ ಮೇಲೆ ಕೋಟು.
"ನಿನಗೆ ಹಾಕಲಿಲ್ಲ ವೋಟು" ಅಂದ.
ಅವಳು ಟೇಪಿನ ತುದಿ ಅವನ ಕೈಗಿತ್ತಳು.
"ಸ್ವಲ್ಪ ಬಗ್ಗು. ಇನ್ನೂ. ಹಾಂ,
ಜಗ್ಗಬೇಡ."