ಪಿನ್ನು

ತಾಂಪೆರೆಯಲ್ಲಿ ಬೆಳಗಿನ ಎಂಟಕ್ಕೂ ಕತ್ತಲೆ.
ಮೇಲ್ವಿಚಾರಕ ಇಲ್ಮಾರಿ ಸೈಕಲ್ಲಿನಲ್ಲೇ ಬರುತ್ತಾನೆ,
ಗಡ್ಡದಲ್ಲಿ ಹಿಮ, ಚಕ್ರಕ್ಕೆ ಮುಳ್ಳಿನ ಟೈರು.
ಲಿಫ್ಟು ಮುಟ್ಟುವುದಿಲ್ಲ. ಐದು ಮಹಡಿ
ಏದುಸಿರಲ್ಲೇ ಹತ್ತಿ, ಉರಿಯುವ ದೀಪಗಳನ್ನೆಲ್ಲ
ಒಂದೊಂದಾಗಿ ಆರಿಸುತ್ತಾನೆ.
ನಾನಿನ್ನೂ ನೆಲ ಒರೆಸುತ್ತಿರುತ್ತೇನೆ.
ಕೆಮ್ಮಬೇಕು.

ಕಾಫಿಯ ಗಸಿ ಕಂದು ಬುಟ್ಟಿಗೆ. ಮೊಸರಿನ ಡಬ್ಬಿ
ತೊಳೆದು, ಒರೆಸಿ, ಹಳದಿಗೆ.
ಮುಚ್ಚಳದ ತಗಡು ಬೇರೆ.
ಹೋದ ವರ್ಷ ಕಂಪನಿ ಅವನಿಗೊಂದು ಸಸಿ ಕೊಟ್ಟಿತು,
ಚಪ್ಪಾಳೆ ಸಮೇತ.
ಆ ವಾರದಿಂದಲೇ ಇರಬೇಕು
ನಮ್ಮ ಪಾಳಿಯ ಗಂಟೆಗಳು ಸವೆಯತೊಡಗಿದ್ದು:
ನನ್ನ ಎಂಟು ಏಳೂವರೆ,
ಲೈನೆಯದು ಏಳೂಕಾಲು.

ಕಳ್ಳನಲ್ಲ ಅವನು. ಕಳ್ಳನಾಗಿದ್ದರೆ ಸುಲಭವಿತ್ತು.
ಒಳಗೆಲ್ಲೋ ಒಂದು ಖಾತೆಯಿದೆ ಅವನಿಗೆ,
ಮೆಟ್ಟಿಲು, ಸೈಕಲ್ಲು, ತೊಳೆದ ಡಬ್ಬಿ
ಎಲ್ಲ ಜಮಾ.
ಜಮಾ ಇದ್ದಮೇಲೆ ಒಂದಿಷ್ಟು ಖರ್ಚು
ಯಾರು ಮಾಡುವುದಿಲ್ಲ?

ನನಗೂ ಗೊತ್ತು ಆ ರುಚಿ.
ತಾಲಿನ್ನಿಗೆ ಹಣ ಕಳಿಸಿದ ದಿನವೇ
ಅಕ್ಕನ ಫೋನು ಎತ್ತುವುದಿಲ್ಲ ನಾನು.

ಲೈನೆ ದೂರು ಬರೆದಳು. ಎರಡು ಹಾಳೆ,
ತಾರೀಖು, ನಿಮಿಷ, ಎಲ್ಲ ಬಿಡಿಸಿ.
ನಿನ್ನೆ ಸಂಜೆ ಸಿಕ್ಕಿತು ಕಾಗದದ ಬುಟ್ಟಿಯಲ್ಲಿ,
ಹರಿದಿರಲಿಲ್ಲ, ನೀಟಾಗಿ ಮಡಿಚಿತ್ತು.
ಮೂಲೆಯಲ್ಲಿ ಎರಡು ಸಣ್ಣ ತೂತು.
ಪಕ್ಕದ ಲೋಹದ ಬುಟ್ಟಿ ಬಗ್ಗಿಸಿ ನೋಡಿದೆ.
ತಳದಲ್ಲಿ, ಒಂಟಿಯಾಗಿ,
ಅದಕ್ಕೆ ಹೊಡೆದಿದ್ದ ಪಿನ್ನು.

ಉಗುರಿನಿಂದ ಎತ್ತುವುದು ಎಷ್ಟು ನಾಜೂಕಿನ ಕೆಲಸ!
ಎಷ್ಟು ಹೊತ್ತು ಕೂತಿದ್ದನೋ, ಪಾಪ.

ಏಪ್ರನ್ನಿನ ಒಂದೇ ಜೇಬಿಗೆ ಹಾಕಿಕೊಂಡೆ
ಎರಡನ್ನೂ,
ಕಾಗದ, ಲೋಹ, ಬೆರೆಸಿ.