ಕಾರ್ಬನ್ ಹಾಳೆ

ಆಲೂರು ತಾಲ್ಲೂಕು ಕಚೇರಿಯ ಎದುರು
ಅಪ್ಪ ಟೈಪು ಹೊಡೆಯುತ್ತಿದ್ದ ಜಾಗದಲ್ಲೇ
ಈಗ ನನ್ನ ಜೆರಾಕ್ಸ್ ಅಂಗಡಿ.
ಒಂದು ಕಂಪ್ಯೂಟರು, ಎರಡು ಪ್ರಿಂಟರು, ಅದರಲ್ಲೊಂದು ಕೆಟ್ಟದ್ದು,
ಗೋಡೆಗೆ ಗೋಂದು ಹಚ್ಚಿದ ದರಪಟ್ಟಿ:
ಪಹಣಿಗೆ ಇಪ್ಪತ್ತು, ಜಾತಿ ಆದಾಯಕ್ಕೆ ನಲವತ್ತು,
ಅಳುವವರು ಕೂರಲು ಪ್ಲಾಸ್ಟಿಕ್ ಕುರ್ಚಿ, ಪುಕ್ಕಟೆ.

ಯಾರ ಪಹಣಿಯಲ್ಲಿ ಯಾರ ಹೆಸರು ಸೇರಿತು,
ಯಾವ ಹುಡುಗಿ ಮೊದಲು ಟಿಸಿ ತಗೊಂಡು ಆಮೇಲೆ ಮನೆಬಿಟ್ಟಳು,
ಹಾಸನದ ದೊಡ್ಡಾಸ್ಪತ್ರೆ ಚೀಟಿಯಲ್ಲಿ
ಸಿಂಗ್ರಮ್ಮನ ಗಂಡನಿಗೆ ಬರೆದ ಕಾಯಿಲೆ ಯಾವುದು,
ಎಲ್ಲ ಈ ಕುರ್ಚಿಗೆ ಗೊತ್ತು.
ಓಟಿಪಿ ಬಂದರೆ ಫೋನನ್ನೇ ನನ್ನ ಕೈಗಿಟ್ಟು
ಎಲೆಅಡಿಕೆಗೆ ಹೋಗುತ್ತಾರೆ.
"ನೀನೇ ನೋಡ್ಕಳವ್ವ, ನಮ್ಗೇನ್ ಕಣ್ ಕಾಣ್ತದಾ."

ಟೈಪಿಂಗು ನನಗೆ ಇನ್‌ಸ್ಟಿಟ್ಯೂಟಿನಲ್ಲಿ ಬಂತು.
ಮರೆಯುವುದನ್ನು ಕಲಿಸಿದ್ದು ಅಪ್ಪ.
ಸಂಜೆ ಬಂದವನೇ ದಿನದ ಕಾರ್ಬನ್ ಹಾಳೆಗಳನ್ನು
ಬಚ್ಚಲ ಒಲೆಗೆ ಹಾಕುತ್ತಿದ್ದ.
ಇನ್ನೂ ನಾಲ್ಕು ಪ್ರತಿ ಬರುತ್ತಿತ್ತು ಅದರಲ್ಲಿ, ಅಮ್ಮ ಗೊಣಗುತ್ತಿದ್ದಳು.
ಒಮ್ಮೆ ಒಂದನ್ನು ಕದ್ದು ಕಿಟಕಿಗೆ ಹಿಡಿದೆ:
ನೀಲಿ ಕತ್ತಲೊಳಗೆ ಬೆಳಕಿನ ಅಕ್ಷರ,
ಯಾರೋ ಯಾರನ್ನೋ ಬಿಡುತ್ತಿದ್ದರು.
ಅಪ್ಪ ಹೊಡೆಯಲಿಲ್ಲ. ಕಿತ್ತುಕೊಂಡು ಉರಿಗೆ ಹಾಕಿ
"ನೀರು ಕಾದಿದೆ, ಹುಯ್ಕೋ" ಅಂದ.
ಆವತ್ತು ಮೈಮೇಲೆ ಹುಯ್ದುಕೊಂಡೆ
ಯಾರದೋ ಸಂಕಟದಲ್ಲಿ ಬಿಸಿಯಾದ ನೀರು.

ಹೋದ ವಾರ ಒಬ್ಬ ಬಂದ. ಇಸ್ತ್ರಿ ಅಂಗಿ, ಕೊರಳಲ್ಲಿ ಟ್ಯಾಗು.
ಯಂತ್ರಕ್ಕೆ ಕನ್ನಡ ಕಲಿಸುತ್ತಿದ್ದಾರಂತೆ.
ಅದಕ್ಕೆ ಕೈಬರಹ ಬೇಕು, ಅರ್ಜಿ ಬೇಕು,
ಜನ ಕಷ್ಟ ಹೇಳಿಕೊಳ್ಳುವ ಧಾಟಿ ಬೇಕು.
"ಹಾಳೆಗೆ ಎರಡು ರೂಪಾಯಿ ಅಕ್ಕ, ಹೆಸರು ಅಳಿಸಿಬಿಡ್ತೀವಿ."
ಒಂಬತ್ತು ಸಾವಿರ ಹಾಳೆ. ಬಾಯಲ್ಲೇ ಲೆಕ್ಕ ಹಾಕಿದೆ,
ಹಾಕಲಿಲ್ಲ ಅಂದರೆ ಸುಳ್ಳಾದೀತು.
ಹೊಸ ಪ್ರಿಂಟರಿಗೆ ಸಾಕು, ಮಿಕ್ಕಿದ್ದು ಬಾಡಿಗೆಗೆ.

ಹೆಸರು ಅಳಿಸಿದರೆ ಸಿಂಗ್ರಮ್ಮ ಅಳಿಸುತ್ತಾಳಾ?
ನಾಲ್ಕನೇ ಕ್ಲಾಸಿನ ಗುಂಡು ಅಕ್ಷರದಲ್ಲಿ ಅವಳೇ ಬರೆದದ್ದು:
'ಎದೆನೋವಲ್ಲಿ ತೀರಿಹೋದರು ಅಂತಲೇ ಬರೆಯಬೇಕು ಸ್ವಾಮಿ,
ಮಕ್ಕಳು ಮದುವೆಗೆ ಇದ್ದಾವೆ.'
ಇನ್ನಾರು ಹೀಗೆ ಬರೆದಾರು ಆಲೂರಿನಲ್ಲಿ?
ಆ ಧಾಟಿಗೇ ಅವಳ ಮೂಗು, ಅವಳ ಮೂಗುತಿ.

"ಇಲ್ಲ" ಅಂದೆ. ದೊಡ್ಡಸ್ತಿಕೆ ಏನಿಲ್ಲ,
ಬಚ್ಚಲ ಹೊಗೆ ನೆನಪಾಯಿತು ಅಷ್ಟೆ.
ರಾತ್ರಿ ಶಟರು ಅರ್ಧ ಎಳೆದು
ಒಂದೊಂದೇ ಫೋಲ್ಡರು ಅಳಿಸಿದೆ.
'ಖಚಿತವೇ?' ಪ್ರತಿ ಸಲವೂ ಕೇಳಿತು,
ಒಳ್ಳೆ ಮನೆಯ ಹುಡುಗನ ಹಾಗೆ.

ಬೆಳಿಗ್ಗೆ ಫೋನು ಟಿಣ್ ಅಂದಿತು:
'ಆರು ವರ್ಷದ ಹಿಂದೆ ಇದೇ ದಿನ. ನಿಮ್ಮ ನೆನಪುಗಳು.'
ಹಿನ್ನೆಲೆಯಲ್ಲಿ ಪಿಯಾನೋ ಬೇರೆ.
ವಿಧವಾ ವೇತನಕ್ಕೆಂದು ನಾನೇ ಹಿಡಿದ ಫೋಟೋ,
ಸಿಂಗ್ರಮ್ಮನ ಹಣೆಯಲ್ಲಿ ಕುಂಕುಮವಿದ್ದ ಜಾಗ ಇನ್ನೂ ಬೆಳ್ಳಗೆ.

ಈ ಕಡೆ ಆನೆಗೆ ಕೊರಳಪಟ್ಟಿ ಕಟ್ಟಬೇಕಾದರೆ
ಮದ್ದು ಚುಚ್ಚಿ ಕೆಡವಬೇಕು, ಹತ್ತಾಳು ಬೇಕು.
ನಾನು ಯಾವ ಮಧ್ಯಾಹ್ನ, ಯಾವ ಗಿರಾಕಿಯ ಅವಸರದಲ್ಲಿ
'ಒಪ್ಪುತ್ತೇನೆ' ಒತ್ತಿದೆನೋ.
ಅದನ್ನು ಮೋಡ ಅಂತಾರೆ, ಎಲ್ಲ ಹೋಗಿ ಕೂರುವ ಜಾಗವನ್ನು.
ನಮ್ಮೂರ ಮೋಡವಾದರೆ ಸುರಿದು ಖಾಲಿಯಾಗುತ್ತದೆ.

ಮರೆ ಅಂದರೆ ಅಡ್ಡ ಕಟ್ಟಿದ ತಡಿಕೆ.
ಮರೆ ಅಂದರೆ ಬಿಟ್ಟುಬಿಡು, ನೆನೆಯಬೇಡ.
ಯಂತ್ರಕ್ಕೆ ಕನ್ನಡ ಕಲಿಸುವವರು
ಈ ಒಂದು ಮಾತಿಗೆ ಏನು ಮಾಡುತ್ತಾರೋ.

ಹತ್ತೂವರೆಗೆ ಸಿಂಗ್ರಮ್ಮನೇ ಬಂದಳು,
ಮೊಮ್ಮಗನ ಜನನ ಪತ್ರಕ್ಕೆ.
ಫೋನನ್ನು ಮಕಾಡೆ ಮಲಗಿಸಿ
ಹೊಸಬಳನ್ನು ಕೇಳುವ ಹಾಗೆ ಕೇಳಿದೆ,
"ಹೆಸರು ಹೇಳವ್ವ."
ಅವಳೂ ಮೊದಲ ಸಲವೆಂಬಂತೆ ಹೇಳಿದಳು.