ಮಿಕ್ಕ ನಟ್ಟು

ಭಾನುವಾರ ಬೆಳಗ್ಗೆ ವರಾಂಡದಲ್ಲಿ ಹಳೇ ಪೇಪರು ಹಾಸಿ
ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸುತ್ತೇನೆ.
ಸೀಟು ನೆಲಕ್ಕೆ, ಚಕ್ರ ಎರಡೂ ಆಕಾಶಕ್ಕೆ.
ಪೆಡಲನ್ನು ಕೈಯಲ್ಲಿ ತಿರುಗಿಸಿದರೆ
ಎಲ್ಲಿಗೂ ಹೋಗದೆ ಎಷ್ಟು ದೂರ ಹೋಗುತ್ತದೆ!

ಹಲ್ಲುಜ್ಜಿ ಸವೆದ ಬ್ರಷ್ಷು, ಹರಿದ ಬನೀನು,
ಬಿಸ್ಕತ್ತಿನ ಡಬ್ಬಿಯಲ್ಲಿ ಒಂದು ಲೋಟ ಡೀಸೆಲ್ಲು.
ಚೈನು ಅದರಲ್ಲಿ ಹುಣಸೆಹಣ್ಣಿನ ಹಾಗೆ ನೆನೆಯುತ್ತದೆ.
ಬಿಟ್ಟುಕೊಡುವ ಕಪ್ಪಿನಲ್ಲಿ
ಗೊರೂರು ರಸ್ತೆಯ ಧೂಳಿದೆ, ಶೆಟ್ಟಿಹಳ್ಳಿಯ ಕೆಸರಿದೆ,
ಯಾವುದೋ ಕಲ್ಯಾಣಮಂಟಪದೆದುರು ತುಳಿದ
ಜರಿಯ ಚೂರೂ ಇದೆ.

ಡೈರಿಯಲ್ಲಿ ಹಾಲಿನ ಜಿಡ್ಡು ಅಳೆಯುವುದು ನನ್ನ ಕೆಲಸ.
ಮೂರೂವರೆಗೂ ಮೂರು ಪಾಯಿಂಟ್ ನಾಲ್ಕಕ್ಕೂ ನಡುವೆ
ಎಷ್ಟು ಜನರ ಜಗಳವಿದೆಯೆಂದು ಬಲ್ಲವಳು.
ಹಾಗಾಗಿ ನಂಬಿದ್ದೆ: ಅಳೆದರೆ ಸಿಕ್ಕೇ ಸಿಗುತ್ತದೆ.

ಈ ಸದ್ದು ಮಾತ್ರ ಸಿಗಲಿಲ್ಲ.
ಕಟಕ್.
ಏರಿನಲ್ಲಿ ಮಾತ್ರ, ಎಡಗಾಲು ಕೆಳಗಿಳಿದಾಗ ಮಾತ್ರ,
ಕಟಕ್,
ಯಾರೋ ಹಿಂದೆ ಕೂತು ನಟಿಕೆ ಮುರಿಯುತ್ತಿರುವ ಹಾಗೆ.

ಪೆಡಲು ಬಿಚ್ಚಿದೆ. ಬೇರಿಂಗು ತೊಳೆದೆ.
ಬದಿಗೆ ಹನ್ನೊಂದರಂತೆ ಗುಂಡುಗಳನ್ನು ಎಣಿಸಿ
ಗ್ರೀಸಿನಲ್ಲಿ ಕೂರಿಸಿದೆ. ಮೂರು ಭಾನುವಾರ.
ಉಗುರುಸಂದಿಯ ಮಸಿ ಸೋಮವಾರದ ಹಾಲಿನೆದುರು
ಗ್ಲೌಸಿನೊಳಗೆ ಅಡಗಿ ಕೂತಿತು.
ಕಾಂಪೌಂಡಿನಾಚೆಯಿಂದ ತಾಯಮ್ಮಣ್ಣಿ,
"ತುಳಿಯೋದಕ್ಕಿಂತ ಬಿಚ್ಚೋದೇ ಹೆಚ್ಚಾಯ್ತಲ್ಲೇ ನಿಂದು."
ಎಲ್ಲ ಮರಳಿ ಜೋಡಿಸಿದ ಮೇಲೆ
ಪೇಪರಿನ ಮೇಲೆ, ಚಿನ್ನದ ದರದ ಪಕ್ಕ,
ಒಂದು ನಟ್ಟು ಮಿಕ್ಕಿತ್ತು.
ಕಟಕ್ ಇದ್ದಂತೆಯೇ ಇತ್ತು.

ಅಂಗಡಿಗೆ ಒಯ್ಯುವುದೆಂದರೆ
ಸೀದ ಪಾತ್ರೆಯನ್ನು ಬೀದಿನಲ್ಲಿಯಲ್ಲಿ ತಿಕ್ಕಿದ ಹಾಗೆ.
ಆದರೂ ಹೋದೆ, ಪೆನ್ಷನ್ ಮೊಹಲ್ಲಾದ ತಿರುವಿಗೆ,
ಇನಾಸಪ್ಪನ ಶಾಪಿಗೆ. ಬೋರ್ಡಿನಲ್ಲಿ ಇನ್ನೂ
'ಬಾಡಿಗೆ ಗಂಟೆಗೆ 75 ಪೈಸೆ' ಎಂದಿದೆ,
ಬಾಡಿಗೆಗೆ ಕೊಡಲು ಸೈಕಲ್ಲಿಲ್ಲ.

"ಮಗಂದಾ?" ಎಂದ.
"ನಂದೇ."
ಒಮ್ಮೆ ಚೈನು ನೋಡಿದ, ಒಮ್ಮೆ ನನ್ನ ಉಗುರು ನೋಡಿದ,
ಮುಂದಿನ ಪ್ರಶ್ನೆ ನುಂಗಿಕೊಂಡ.

ಸ್ಪಾನರು ಮುಟ್ಟಲಿಲ್ಲ. ಹಿಂದಿನ ಚಕ್ರದ ಕಡ್ಡಿಗಳನ್ನು
ಒಂದೊಂದಾಗಿ ಮೀಟಿದ, ಕಿವಿ ವಾಲಿಸಿ:
ಟಿಣ್, ಟಿಣ್, ಟಿಣ್, ಟಪ್.
"ಇದು ಸಡಿಲ. ಆದ್ರೆ ನಿಮ್ ಸದ್ದು ಇದಲ್ಲ."
ತಾನೇ ಹತ್ತಿ ಗಲ್ಲಿಯ ಏರು ತುಳಿದು ಬಂದ.
ಉಸಿರೇ ಇಲ್ಲ. ನನ್ನ ಸೈಕಲ್ಲು ಅವನ ಕೆಳಗೆ
ನೆಂಟರೆದುರು ಸಾಧುವಾಗುವ ಮಗುವಿನ ಹಾಗೆ.

"ಈಗ ನೀವು."
ಮೀನಿನ ಬುಟ್ಟಿಯವಳು, ಟ್ಯೂಷನ್ನಿನ ಹುಡುಗರು
ನೋಡುತ್ತಿದ್ದಂತೆ ತುಳಿದೆ.
ಕಟಕ್.
"ಎಡಕ್ಕೆ ವಾಲ್ತೀರಿ ನೀವು.
ಬಲಗಾಲು ಮುರಿದಿತ್ತಾ ಯಾವಾಗಾದ್ರೂ?"

ಹನ್ನೆರಡು ವರ್ಷದ ಹಿಂದೆ, ಡೈರಿಯ ಒದ್ದೆ ಮೆಟ್ಟಿಲು.
ಮನೆಯಲ್ಲಿ ಯಾರಿಗೂ ಈಗ ನೆನಪಿಲ್ಲ,
ನನಗೂ ಇರಲಿಲ್ಲ.

ಸೀಟಿನ ಕಂಬ ಎಳೆದ, ಒರೆಸಿದ,
ಬೆರಳತುದಿಯಷ್ಟು ಗ್ರೀಸು ಸವರಿ
ಸ್ವಲ್ಪ ಇಳಿಸಿ ಬಿಗಿದ.
ಮೂರು ಭಾನುವಾರ ನಾನು ಮುಟ್ಟದೆ ಬಿಟ್ಟದ್ದು
ಅದೊಂದನ್ನೇ, ನಾನು ಕೂರುವ ಜಾಗವನ್ನು.

ಬೆಂಡು ತೆಗೆದದ್ದಕ್ಕೆ ಮೂವತ್ತು. ಸದ್ದಿಗೆ ದುಡ್ಡಿಲ್ಲ.

ಹೊರಡುವಾಗ ಪರ್ಸಿನಿಂದ ಆ ನಟ್ಟು ತೆಗೆದು
ತಪ್ಪೊಪ್ಪಿಕೊಳ್ಳುವವಳಂತೆ ಅಂಗೈಯಲ್ಲಿಟ್ಟೆ.
ಗೋಡೆಯ ಮೇಲೆ ಹಾರ್ಲಿಕ್ಸ್ ಬಾಟಲಿ, ಮುಕ್ಕಾಲು ತುಂಬಿದ್ದು:
ತಾವೇ ರಿಪೇರಿ ಮಾಡಿಕೊಂಡವರೆಲ್ಲ
ಗುಟ್ಟಾಗಿ ತಂದುಕೊಟ್ಟ ನಟ್ಟು, ತಿರುಪು, ವಾಷರು.
ಮುಚ್ಚಳ ತೆಗೆದವನು ತಡೆದ,
ನಟ್ಟನ್ನು ಬೆಳಕಿಗೆ ಹಿಡಿದ.
"ಇದು ಸೈಕಲ್ದಲ್ಲ ಮೇಡಂ. ಮಿಕ್ಸೀದು."

ಸಂಜೆ ಏರು ಹತ್ತಿ ಬಂದೆ, ಸದ್ದಿಲ್ಲದೆ.
ಅಡುಗೆಮನೆಯ ದೀಪ ಹಾಕಿ ನೋಡಿದರೆ,
ಹೌದು, ಕಟ್ಟೆಯ ಮೇಲೆ ಮಿಕ್ಸಿ
ತುಸು ಎಡಕ್ಕೆ ವಾಲಿ ನಿಂತಿದೆ.